ಕವಚ ಗಟ್ಟಿ ಇದ್ದರೆ ಹೀರೋ ಬದುಕ್ತಾನಾ?

ಸೂಪರ್‌ಹೀರೋ ಸಿನಿಮಾಗಳಲ್ಲಿ ಎತ್ತರದಿಂದ ಬಿದ್ದಾಗ ಮೈಮೇಲಿನ ಕವಚ ಚೂರೂ ನಗ್ಗದಿದ್ದರೆ ಒಳಗಿನ ಹೀರೋಗೆ ಯಾಕೆ ಪೆಟ್ಟಾಗಬೇಕು ಅಂತ ಕೇಳಿದ್ದೀರಿ. ನಗ್ಗದಿರುವುದೇ ಅಪಾಯ! ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 100 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 160 ಕಿ.ಮೀ. ನಗ್ಗದ ಕವಚ ನೆಲಕ್ಕೆ ಬಡಿದು ತಟ್ಟನೆ ನಿಂತರೂ ಒಳಗಿನ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತೆ, ತಲೆಬುರುಡೆಯೊಳಗೆ ಮಿದುಳೂ ಅಷ್ಟೇ. ದೇಹ ನಿಲ್ಲೋಕೆ 10 ಸೆಂ.ಮೀ. ಮೆತ್ತೆ ಮಾತ್ರ ಇದ್ದರೆ ಹೊಡೆತ ಗುರುತ್ವದ (ಅಂದರೆ ನಮ್ಮದೇ ತೂಕದ) ಸುಮಾರು ಸಾವಿರ ಪಟ್ಟು. 1954ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ಹಳಿ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ಕೂತು, ಅದು ತಟ್ಟನೆ ನಿಂತಾಗ ತಾಳಿಕೊಂಡಿದ್ದು ಸುಮಾರು 46 ಪಟ್ಟು, ಅದೂ ಮೈಗೆಲ್ಲ ಪಟ್ಟಿ ಬಿಗಿದುಕೊಂಡು.

ಬೀಳುತ್ತಿರುವ ಹೀರೋಯಿನ್‌ಗೆ ಕೆಳಗಿನಿಂದ ಹಾರಿಬಂದು ಕೈಯೊಡ್ಡುವುದು ಇನ್ನೂ ಕೆಟ್ಟದ್ದು, ಹೀರೋ ಮೇಲೆ ಬರುವ ವೇಗವೂ ಹೊಡೆತಕ್ಕೆ ಸೇರುತ್ತೆ. ಅವಳ ಜೊತೆಗೇ ಕೆಳಗಿಳಿಯುತ್ತಾ ವೇಗ ತಗ್ಗಿಸಬೇಕು. ನಿಲ್ಲೋಕೆ 10 ಮೀಟರ್ ಸಿಕ್ಕರೆ ಅದೇ ಹೊಡೆತ ಸುಮಾರು 10 ಪಟ್ಟಿಗೆ ಇಳಿಯುತ್ತೆ.