ಮೊಳೆ ಬಿಚ್ಚದೆ ಇಟ್ಟ ಸಾಲು

ಸಕಲೇಶಪುರದಿಂದ ಲೇಖನ ಕಳಿಸಿದವರಿಗೆ,

ಫುಟ್‌ಬಾಲ್ ಆಟಗಾರ ಪಿ.ಕೆ. ಬ್ಯಾನರ್ಜಿ ಬಗ್ಗೆ ನೀವು ಬರೆದ ಹನ್ನೊಂದು ಪುಟ ಬಂತು. ಎರಡು ಸಲ ಓದಿದೆ. ಅಕ್ಷರ ದುಂಡಗಿದೆ, ಇಸವಿಗಳು ಸರಿಯಾಗಿವೆ. ಹಾಸನದ ನಮ್ಮ ಪುಟ್ಟ ಪತ್ರಿಕೆಗೆ ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಯಾರೋ ಬರೆದರಲ್ಲ ಅಂತ ಖುಷಿಯೂ ಆಯಿತು. ಹೊಗಳಿಕೆ ಇಷ್ಟು ಸಾಕು.

ನಿಮ್ಮ ಮೊದಲ ಸಾಲು: ‘ಬ್ಯಾನರ್ಜಿಯವರು ಭಾರತೀಯ ಫುಟ್‌ಬಾಲ್ ಲೋಕದ ಧ್ರುವತಾರೆ ಎಂದರೆ ತಪ್ಪಾಗಲಾರದು.’ ತಪ್ಪಾಗುತ್ತೆ ಅಂತ ನಿಮಗೆ ಹೇಳಿದವರು ಯಾರು?

ನಾನು ಕೆಲಸ ಕಲಿತದ್ದು ಇದೇ ಊರಿನ ಒಂದು ವಾರಪತ್ರಿಕೆಯಲ್ಲಿ. ಸೀಸದ ಅಚ್ಚುಮೊಳೆ ಒಂದೊಂದೇ ಜೋಡಿಸಿ ಅಚ್ಚು ಹಾಕಿ, ಆಮೇಲೆ ಬಿಚ್ಚಿಡುತ್ತಿದ್ದ ಕಾಲ. ಆಟೋಟದ ವರದಿ ನನ್ನ ಪಾಲಿಗೆ. ಕಬಡ್ಡಿಯಾಗಲಿ ಖೋಖೋ ಆಗಲಿ, ‘ನೆರೆದಿದ್ದ ಪ್ರೇಕ್ಷಕರ ಮನಸೂರೆಗೊಂಡಿತು’ ಅಂತಲೇ ಮುಗಿಸುತ್ತಿದ್ದೆ. ಒಂದು ದಿನ ಮೊಳೆ ಜೋಡಿಸುವವರು ನನ್ನನ್ನು ಒಳಗೆ ಕರೆದು ಮೂಲೆ ತೋರಿಸಿದರು. ಆ ಸಾಲು ದಾರ ಸುತ್ತಿಕೊಂಡು ಕೂತಿತ್ತು. ‘ಇದನ್ನ ಬಿಚ್ಚೋದೇ ಬಿಟ್ಟಿದೀನಿ ಸಾರ್. ಮುಂದಿನ ವಾರ ಹೆಂಗೂ ಬೇಕಲ್ಲ’ ಅಂದರು. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಅವರಿಗೆ ಕೆಲಸ ಉಳಿದಿತ್ತು. ನಾನು ಆವತ್ತು ಊಟಕ್ಕೆ ಹೋಗಲಿಲ್ಲ.

ಇನ್ನು ಮೂರನೇ ಪುಟ. ನನಗೆ ಸಿಟ್ಟು ಬಂದದ್ದು ಇಲ್ಲಿ. ‘ಆಟದಿಂದ ನಿವೃತ್ತರಾದ ಬಳಿಕ ತರಬೇತುದಾರರಾಗಿಯೂ ಸೈ ಎನಿಸಿಕೊಂಡರು.’ ಇಷ್ಟೇನಾ? 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನಾಯಕ, ಫ್ರಾನ್ಸ್ ಜೊತೆ 1–1 ಆದಾಗ ಗೋಲು ಅವರದೇ. 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲೂ ಗೋಲು, ಚಿನ್ನ. ಅಂಥ ಮನುಷ್ಯ ಈಗ ಗೆರೆಯಾಚೆ ನಿಲ್ಲಬೇಕು. ಚೆಂಡು ಕಣ್ಣೆದುರೇ ಉರುಳುತ್ತಿದೆ, ಮುಟ್ಟುವ ಹಾಗಿಲ್ಲ. ಲೇಖನ ಶುರುವಾಗಬೇಕಾದ್ದೇ ಅಲ್ಲಿ. ನೀವು ‘ಬಳಿಕ’ ಅಂತ ಒಂದೇ ಪದದಲ್ಲಿ ದಾಟಿಬಿಟ್ಟಿರಿ.

ಮುಂದಿನ ಸಾಲು: ‘ಈಸ್ಟ್ ಬೆಂಗಾಲ್ ಹಾಗೂ ಮೋಹನ್ ಬಾಗಾನ್ ತಂಡಗಳಿಗೆ ಸೇವೆ ಸಲ್ಲಿಸಿದರು.’ ಸೇವೆ ಸಲ್ಲಿಸೋದಕ್ಕೆ ಅದೇನು ತಾಲ್ಲೂಕು ಆಫೀಸಾ? ಕಲ್ಕತ್ತೆಯ ಬದ್ಧವೈರಿ ತಂಡಗಳು ಅವು. ಆಡುವಾಗ ಈಸ್ಟರ್ನ್ ರೈಲ್ವೆಯಲ್ಲೇ ಉಳಿದು ಈ ಎರಡು ತಂಡಗಳ ಅಂಗಿಯನ್ನೂ ತೊಡದವರು ಅವರು. 1975ರ ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಅವರು ತರಬೇತಿ ಕೊಟ್ಟ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್‌ಗೆ 5–0 ಬಾರಿಸಿತು. 1977ರಲ್ಲಿ ನೋಡಿದರೆ ಅದೇ ಮೋಹನ್ ಬಾಗಾನ್ ಬೆಂಚಿನ ಮೇಲೆ ಅವರೇ ಕೂತಿದ್ದಾರೆ! ಈಡನ್ ಗಾರ್ಡನ್ಸ್‌ನ ಕೆಸರಲ್ಲಿ ಎದುರಿಗೆ ಪೆಲೆ ಇದ್ದ ನ್ಯೂಯಾರ್ಕಿನ ಕಾಸ್ಮಾಸ್ ತಂಡ. ಪೆಲೆಯನ್ನು ಕಾಯುವ ಕೆಲಸ ಗೌತಮ್ ಸರ್ಕಾರ್‌ಗೆ. ಕೊನೆಗೆ 2–2. ಐದು ಗೋಲು ತಿನ್ನಿಸಿದವರನ್ನೇ ಕರೆತಂದು ಗುರು ಮಾಡಿಕೊಂಡ ತಂಡದ ಅಭಿಮಾನಿ ಮೊದಲ ದಿನ ಏನಂದುಕೊಂಡಿದ್ದಾನು? ನನಗೆ ಅದು ಬೇಕು. ನೀವು ಕೊಟ್ಟಿದ್ದು ಕಪ್‌ಗಳ ಪಟ್ಟಿ.

ಇದಕ್ಕಿಂತ ಜಾಸ್ತಿ ನೋವಾದ ಸಾಲು ಇನ್ನೊಂದಿದೆ: ‘ಪ್ರೇರಣಾದಾಯಕ ನುಡಿಗಳಿಂದ ಆಟಗಾರರಲ್ಲಿ ನವಚೈತನ್ಯ ತುಂಬಿದರು.’ ಅವರ ಮಾತಿಗೆ ಕಲ್ಕತ್ತೆಯವರೇ ಒಂದು ಹೆಸರಿಟ್ಟಿದ್ದರು, ‘ವೋಕಲ್ ಟಾನಿಕ್’ ಅಂತ. ಬಾಯಿಂದಲೇ ಕುಡಿಸುವ ಟಾನಿಕ್! ಅಂಥ ರುಚಿಯಾದ ಮಾತು ಕೈಯಲ್ಲಿದ್ದೂ ನವಚೈತನ್ಯಕ್ಕೆ ಹೋದಿರಲ್ಲ. 1997ರ ಫೆಡರೇಷನ್ ಕಪ್ ಸೆಮಿಫೈನಲ್ ತೆಗೆದುಕೊಳ್ಳಿ. ಬ್ಯಾನರ್ಜಿ ಮತ್ತೆ ಈಸ್ಟ್ ಬೆಂಗಾಲ್ ಕಡೆ. ಎದುರು ಮೋಹನ್ ಬಾಗಾನ್, ಅದರ ತರಬೇತುದಾರ ಅಮಲ್ ದತ್ತಾ ಅವರ ‘ಡೈಮಂಡ್’ ವ್ಯೂಹ, ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಲಕ್ಷ ಮೀರಿದ ಜನ. ಈಸ್ಟ್ ಬೆಂಗಾಲ್ 4–1ರಲ್ಲಿ ಗೆದ್ದಿತು, ಬೈಚುಂಗ್ ಭುಟಿಯಾ ಒಬ್ಬನದೇ ಮೂರು. ಆಗ ಬ್ಯಾನರ್ಜಿಗೆ ಅರವತ್ತು ದಾಟಿತ್ತು. ನಿಮ್ಮ ಲೇಖನದಲ್ಲಿ ಇದು ಕಂಸದೊಳಗೆ ಇದೆ. ಕಂಸದೊಳಗೆ!

ಉಳಿದ ಪುಟಗಳ ಬಗ್ಗೆ ಹೇಳೋದಿಲ್ಲ, ಕಾಗುಣಿತ ನಾನೇ ನೋಡಿಕೊಳ್ಳುತ್ತೇನೆ. ಮೂರನೇ ಪುಟದಿಂದ ಮತ್ತೆ ಬರೆಯಿರಿ. ಧ್ರುವತಾರೆಯನ್ನು ಈಗಲೇ ಹೊಡೆದು ಹಾಕಿದ್ದೇನೆ. ಹಾಸನಾಂಬೆ ಬಾಗಿಲು ತೆಗೆಯುವ ಮುಂಚೆ ಕಳಿಸಿದರೆ ದೀಪಾವಳಿ ಸಂಚಿಕೆಯಲ್ಲಿ ಆರು ಪುಟ ಕೊಡುತ್ತೇನೆ. ಹನ್ನೊಂದು ಆಗೋದಿಲ್ಲ.