ಆಂಧ್ರ ಬೋರ್ಡಿನ ಗಾಡಿ, ಬಳ್ಳಾರಿ ಅಡ್ರೆಸ್ಸು

ಬಳ್ಳಾರಿ ಅಂದ್ರೆ ಬಿಸಿಲು, ಅಲ್ಲಿ ಫೋರ್ ವೀಲ್ ಡ್ರೈವ್ ಇಟ್ಕೊಂಡು ಏನ್ ಮಾಡ್ತೀರಿ, ಅದೂ ಆಂಧ್ರ ನಂಬರ್ ಬೋರ್ಡಿನ ಹಳೇ ಗಾಡಿ ಯಾಕೆ, ಅಷ್ಟಕ್ಕೂ ನೀವು ಕರ್ನಾಟಕದವರೋ ಆಂಧ್ರದವರೋ. ನೀನು ಒಂದೇ ಉಸಿರಿಗೆ ಇಷ್ಟೂ ಕೇಳಿದೆ. ಕೇಳಿದ ಧಾಟಿ ಬೆಂಗಳೂರಿನದು, ಇರಲಿ ಬಿಡು. ನೀನೂ ಒಂದು ದೊಡ್ಡ ಗಾಡಿ ಹುಡುಕ್ತಿದ್ದೀಯ, ನಮ್ಮ ಕಡೆ ಅಗ್ಗಕ್ಕೆ ಸಿಗ್ತದೆ ಅಂತ ಯಾರೋ ಹೇಳಿದ್ದಾರೆ ಅನ್ನೋದು ಗೊತ್ತಾಯ್ತು. ಅದಕ್ಕೇ ಬಿಡಿಸಿ ಬರೀತಿದ್ದೀನಿ.

ಬಿಸಿಲು ಹೌದು. ಆದರೆ ಸಿರುಗುಪ್ಪ, ಕುರುಗೋಡು, ಆಚೆ ಸಿಂಧನೂರು, ಗಂಗಾವತಿ ಕಡೆಯೆಲ್ಲ ಎರೆ ಭೂಮಿ. ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಟೈರಿನ ತೋಡೆಲ್ಲ ತುಂಬಿ ಮೆತ್ತಿಕೊಳ್ತದೆ. ಚಕ್ರ ತಿರುಗ್ತದೆ, ಗಾಡಿ ನಿಂತಲ್ಲೇ. ಕಾಲುವೆಗೆ ನೀರು ಬಿಟ್ಟ ಮೇಲೆ ಮಳೆಯಿಲ್ಲದೆಯೂ ಗದ್ದೆ ದಾರಿ ಕೆಸರು. ಸಂಡೂರು ಗುಡ್ಡದ ಅದಿರಿನ ರಸ್ತೆ, ಹಗರಿ ಹಳ್ಳದ ಉಸುಕು ಬೇರೆ. ಬರೀ ದೊಡ್ಡಸ್ತಿಕೆಗೆ ಕೊಂಡವರೂ ಇದ್ದಾರೆ, ಇಲ್ಲ ಅನ್ನಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವ ಮುಂಚೆ ಬಂದ ಗಾಡಿಗಳು ಕೈ ಬದಲಾಯಿಸ್ತಾ ಈಗಲೂ ಮಾರಾಟಕ್ಕೆ ಬರ್ತವೆ.

ಟೈರು, ಬ್ಯಾಟರಿ, ಎಸಿ ನೋಡು ಅಂತ ನಿನಗೆ ಹೇಳಬೇಕಿಲ್ಲ. ನಮ್ಮ ಕಡೆಯ ಗಾಡಿಗೆ ಮೊದಲು ನೋಡಬೇಕಾದ್ದು ಕೆಂಪು ಧೂಳು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸು. ಫಿಲ್ಟರಿನ ಹೊರಮೈ ಕೆಂಪಗಿದ್ದರೆ ತಪ್ಪಲ್ಲ, ಅದರ ಕೆಲಸವೇ ಅದು. ಫಿಲ್ಟರ್ ತೆಗೆದು, ಅದರಾಚೆ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಕಡೆ ಹೋಗುವ ಪೈಪಿನ ಒಳಗೋಡೆಗೆ ಬೆರಳು ಸವರು. ಬೆರಳು ಕೆಂಪಾಯ್ತೋ, ಧೂಳು ಎಂಜಿನ್ನಿಗೆ ಹೋಗಿದೆ ಅಂತ ಅರ್ಥ. ಅದಿರಿನ ಧೂಳು ಟರ್ಬೊ ರೆಕ್ಕೆ ತಿನ್ನುತ್ತೆ, ಪಿಸ್ಟನ್ ರಿಂಗ್ ಸವೆಸುತ್ತೆ. ಎಂಜಿನ್ ಓಡ್ತಿರುವಾಗ ಆಯಿಲ್ ಮುಚ್ಚಳ ಬಿಚ್ಚಿ ಬೋರಲಾಗಿ ಅಲ್ಲೇ ಇಡು. ಕೆಳಗಿನ ಹೊಗೆಗೆ ಮುಚ್ಚಳ ಎಗರಿ ಬಿದ್ದರೆ ಎಂಜಿನ್ ಕೆಲಸ ಕಾದಿದೆ. ಗಾಡಿ ತೊಳೆದು ಪಾಲಿಶ್ ಹೊಡೆಸಿದರೂ ಸೀಟಿನ ಕೆಳಗಿನ ಹಳಿ, ಬಾಗಿಲ ರಬ್ಬರಿನ ಮಡಿಕೆ, ಇಂಟರ್‌ಕೂಲರ್ ಸಂದಿಗಳಲ್ಲಿ ಕೆಂಪು ಉಳಿದೇ ಇರ್ತದೆ. "ಬರೀ ಸಿಟಿಯಲ್ಲಿ ಓಡಿದ್ದು" ಅಂದವನಿಗೆ ಆ ಹಳಿ ತೋರಿಸು.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ನೀನು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ಮರುದಿನ ಬೆಳಿಗ್ಗೆ ಹೋಗು. 2009ರಿಂದ 2016ರವರೆಗಿನ ಟೊಯೋಟಾ ಫಾರ್ಚುನರ್‌ನ 3 ಲೀಟರ್ ಎಂಜಿನ್ನಿಗೆ ಒಂದು ಗೊತ್ತಿರುವ ರೋಗ ಇದೆ: ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರಿ, ಮಸಿ ಆಯಿಲ್‌ಗೆ ಬೆರೆತು, ಕೊನೆಗೆ ಸಂಪಿನೊಳಗಿನ, ಅಂದ್ರೆ ಎಂಜಿನ್ ತಳದ ಆಯಿಲ್ ತೊಟ್ಟಿಯೊಳಗಿನ ಜರಡಿ ಕಟ್ಟುತ್ತೆ. ಆಯಿಲ್ ಪ್ರೆಷರ್ ಬಿದ್ದ ದಿನ ಎಂಜಿನ್ ಕಥೆ ಮುಗಿದಂತೆ. ಸಂಪ್ ಇಳಿಸಿ ಜರಡಿ ನೋಡೋಕೆ ಮಾರುವವನು ಒಪ್ಪಿದರೆ ಅರ್ಧ ನಂಬಬಹುದು. ಇದರ ಟೈಮಿಂಗ್ ಬೆಲ್ಟ್ 1.5 ಲಕ್ಷ ಕಿಲೋಮೀಟರಿಗೆ ಬದಲಾಯಿಸಬೇಕು, ಬಿಲ್ ಕೇಳು. ಆಮೇಲಿನ 2.8ರಲ್ಲಿ ಚೈನ್, ಆ ತಲೆನೋವಿಲ್ಲ. ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿಯಾದರೆ ಸ್ಕ್ಯಾನರ್ ಹಾಕಿಸಿ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್‌ನಲ್ಲಿ ಎಷ್ಟು ಮಸಿ ತುಂಬಿದೆ, ಎಷ್ಟು ಕಿಲೋಮೀಟರಿಗೊಮ್ಮೆ ಸುಟ್ಟುಕೊಳ್ತಿದೆ ನೋಡಿಸು. ಅದೇ ಸ್ಕ್ಯಾನರಿನಲ್ಲಿ ಬೇರೆ ಮಾಡ್ಯೂಲುಗಳೊಳಗೆ ದಾಖಲಾದ ಕಿಲೋಮೀಟರ್ ಸಿಕ್ಕರೆ ಮೀಟರಿಗೆ ತಾಳೆ ಹಾಕು.

ಇನ್ನು ಫೋರ್ ವೀಲ್. ಮೊದಲು ಅದು ಇದೆಯೋ ಇಲ್ಲವೋ ಅನ್ನೋದೇ ನೋಡಬೇಕು, ನಗಬೇಡ. 2012ರಿಂದ ಫಾರ್ಚುನರ್ ಟೂ ವೀಲ್‌ನಲ್ಲೂ ಬಂತು, ಫೋರ್ ವೀಲ್ ಅನ್ನೋ ಸ್ಟಿಕರ್ ಎಲ್ಲ ಅಂಗಡಿಯಲ್ಲೂ ಸಿಗ್ತದೆ. ಆರ್‌ಸಿಯಲ್ಲಿ ಮಾಡೆಲ್ ಸಾಲು ಓದು, ಆಮೇಲೆ ಗಾಡಿ ಕೆಳಗೆ ಮಲಗಿ ಮುಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇದೆಯಾ ನೋಡು. ಮೈಲೇಜಿಗೆ ಅಂತ ಆ ಶಾಫ್ಟನ್ನೇ ಕಳಚಿಟ್ಟ ಮಹಾನುಭಾವರಿದ್ದಾರೆ. ಪಾರ್ಟ್ ಟೈಮ್, ಅಂದ್ರೆ ಬೇಕಾದಾಗ ಮಾತ್ರ ಹಾಕುವ ಫೋರ್ ವೀಲನ್ನು ಒಣಗಿದ ಡಾಂಬರಿನ ಮೇಲೆ ಪರೀಕ್ಷೆ ಮಾಡಬೇಡ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದೂರ ಓಡಬೇಕು, ಬಿಡಲಿಕ್ಕೆ ದಾರಿ ಇಲ್ಲದೆ ಒಳಗಿನ ಗೇರು ಬಿಗಿದುಕೊಳ್ತದೆ. ಮಣ್ಣಿಗಿಳಿಸು. ಎಚ್ 4 (ಮಾಮೂಲಿ ವೇಗದ ಫೋರ್ ವೀಲ್) ಓಡ್ತಾ ಹಾಕು. ಪೂರ್ತಿ ನಿಲ್ಲಿಸಿ ನ್ಯೂಟ್ರಲ್ ಮಾಡಿ ಎಲ್ 4 (ನಿಧಾನದ, ಹೆಚ್ಚು ಎಳೆಯುವ ಫೋರ್ ವೀಲ್) ಹಾಕು. ಮೀಟರಿನ ದೀಪ ಮಿನುಗುತ್ತಲೇ ಇದ್ದು ಸ್ಥಿರವಾಗದಿದ್ದರೆ ಫೋರ್ ವೀಲ್ ಕೂಡಿಸುವ ಆಕ್ಚುಯೇಟರ್ ಬಿಗಿದು ನಿಂತಿದೆ. ವರ್ಷಗಟ್ಟಲೆ ಯಾರೂ ಮುಟ್ಟದ ಗಾಡಿಯಲ್ಲಿ ಇದೇ ಆಗೋದು, ಆಡಿಸದ ಬಾಗಿಲ ಚಿಲಕದ ಥರ. ಮೊದಲ ತಲೆಮಾರಿನ ಫೋರ್ ವೀಲ್ ಫಾರ್ಚುನರ್ ಫುಲ್ ಟೈಮ್, ಸದಾ ನಾಲ್ಕೂ ಚಕ್ರಕ್ಕೆ ಬಲ. ಅದರಲ್ಲಿ ಮುಂದಿನ ಹಿಂದಿನ ಆಕ್ಸಲನ್ನು ಒಟ್ಟಿಗೆ ಕಟ್ಟುವ ಸೆಂಟರ್ ಲಾಕ್ ಬೀಳ್ತದೋ ನೋಡು. ನಾಲ್ಕು ಟೈರೂ ಒಂದೇ ಅಳತೆ, ಒಂದೇ ಸವೆತ ಇರಬೇಕು. ಎರಡು ಹೊಸದು ಎರಡು ಬೋಳು ಹಾಕಿ ಓಡಿಸಿದ್ದರೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಪೆಟ್ಟು ತಿಂದಿರ್ತದೆ. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ. ರಿಮ್ಮಿನ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಆಕ್ಸಲ್ ಕೀಲಿನ ರಬ್ಬರ್ ಹೊದಿಕೆ, ಸಿವಿ ಬೂಟ್, ಹರಿದಿದೆ.

ನೀರಿನ ಮಾತು ಬಂತಲ್ಲ, 2020ರ ಅಕ್ಟೋಬರಿನಲ್ಲಿ ಹೈದರಾಬಾದು, 2024ರ ಸೆಪ್ಟೆಂಬರಿನಲ್ಲಿ ವಿಜಯವಾಡ ಮುಳುಗಿದ್ದು ನೆನಪಿರಬೇಕು. ನಮಗೆ ಗಾಡಿ ಬರೋದೂ ಆ ದಿಕ್ಕಿನಿಂದಲೇ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆ, ಬುಡದಲ್ಲಿ ನೀರಿನ ಗೆರೆ ಇದ್ದರೆ ಅಲ್ಲಿಂದಲೇ ಎದ್ದು ಬಾ.

ಇದೆಲ್ಲ ಆದ ಮೇಲೆ ಶುರು ನಮ್ಮ ನಿಜವಾದ ಗೋಳು. ಅದು ಎಂಜಿನ್ನಿನಲ್ಲಿಲ್ಲ, ಬೋರ್ಡಿನಲ್ಲಿದೆ.

ಬಳ್ಳಾರಿಯಿಂದ ಗುಂತಕಲ್ಲು 50 ಕಿಲೋಮೀಟರ್ ಆಸುಪಾಸು, ಬೆಂಗಳೂರು 300. ಆದೋನಿ, ಆಲೂರು, ರಾಯದುರ್ಗ 1953ರ ಅಕ್ಟೋಬರ್ 1ರವರೆಗೂ ಬಳ್ಳಾರಿ ಜಿಲ್ಲೆಯ ತಾಲೂಕುಗಳೇ. ಆವತ್ತು ಅವು ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು. ಬೀಗರು ಹೋಗಲಿಲ್ಲ, ಹೊಲ ಹೋಗಲಿಲ್ಲ, ದನದ ಸಂತೆ ಹೋಗಲಿಲ್ಲ. ಮನೆ ಇಲ್ಲಿ, ಹೊಲ ಅಲ್ಲಿ. ಗಾಡಿ ರಾತ್ರಿ ಕರ್ನಾಟಕದಲ್ಲಿ, ಹಗಲು ಆಂಧ್ರದಲ್ಲಿ. ಹೀಗಿದ್ದಾಗ ಗಾಡಿ ಹುಡುಕೋಕೆ ಹೊಸೂರು ರಸ್ತೆಗೆ ಯಾಕೆ ಹೋಗಲಿ ಹೇಳು. ರಾಯಚೂರಿನವರಿಗೆ ಗದ್ವಾಲ, ಮೆಹಬೂಬ್‌ನಗರ ಹಾಗೆಯೇ. ಕನ್ನಡದಲ್ಲಿ ಚೌಕಾಸಿ ಶುರುವಾಗಿ ತೆಲುಗಿನಲ್ಲಿ ಮುಗೀತದೆ, ಅದರಿಂದ ಯಾರ ಕನ್ನಡವೂ ಕಮ್ಮಿಯಾಗಿಲ್ಲ.

ಆದರೆ ಕಾಗದಕ್ಕೆ ಬೀಗತನ ಗೊತ್ತಿಲ್ಲ. ಮೊದಲ ಪೆಟ್ಟು ತೆರಿಗೆ. ಹೊರ ರಾಜ್ಯದ ಗಾಡಿಗೆ ಇಲ್ಲಿ ಜೀವಿತಾವಧಿ ತೆರಿಗೆ ಮತ್ತೆ ಕಟ್ಟಬೇಕು, ಅದೂ ನೀನು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. 20 ಲಕ್ಷ ಮೀರಿದ್ದಕ್ಕೆ ದರ ಶೇ 18, ಅದರ ಮೇಲೆ ಸೆಸ್. ಹೊಸದರಲ್ಲಿ 30 ಲಕ್ಷದ ಗಾಡಿ ಅಂದರೆ 5.40 ಲಕ್ಷ, ವಯಸ್ಸಿನ ಲೆಕ್ಕದಲ್ಲಿ ಕಡಿತವಾಗಿ ಅರ್ಧವೇ ಉಳಿಯಿತು ಅಂದ್ಕೋ, ಆಗಲೂ 2.70 ಲಕ್ಷ. "ನಮ್ಮಲ್ಲಿ ಎರಡು ಲಕ್ಷ ಕಮ್ಮಿ ಅನ್ನಾ" ಅಂತ ಆದೋನಿಯವನು ಅಂದಾಗ ಈ ಲೆಕ್ಕ ಬಾಯಲ್ಲೇ ಹಾಕಬೇಕು. ಮೊದಲ ಮಾರಾಟದ ಇನ್‌ವಾಯ್ಸ್ ಪ್ರತಿ ಅವನಿಂದಲೇ ಇಸ್ಕೋ, ಕೌಂಟರಿನಲ್ಲಿ ವಾದ ಕಮ್ಮಿಯಾಗ್ತದೆ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಕೇಳೋಕೆ ಅವಕಾಶವಿದೆ. ಆದರೆ ಅರ್ಜಿ ಹಿಂದೆ ಓಡಾಡುವವನು ನೀನು, ಆಫೀಸು ಅಲ್ಲಿಯದು. ಸಿಕ್ಕರೆ ಹಬ್ಬ ಅಂದ್ಕೋ, ಗಾಡಿ ಬೆಲೆಯಲ್ಲಿ ಅದನ್ನು ಕಳೀಬೇಡ.

ಎರಡನೇದು ಎನ್‌ಓಸಿ, ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಅಡ್ಡಿಯಿಲ್ಲ ಅಂತ ಅಲ್ಲಿಯ ಆರ್‌ಟಿಓ ಕೊಡುವ ಪತ್ರ. ಮಾರುವವನೇ ತನ್ನ ಹೆಸರಲ್ಲಿ ಫಾರ್ಮ್ 28 ಹಾಕಿ ತೆಗೆಸಬೇಕು. ಅದಕ್ಕೂ ಮುಂಚೆ ಬ್ಯಾಂಕಿನ ಸಾಲ ತೀರಿಸಿ, ಫಾರ್ಮ್ 35 ಕೊಟ್ಟು, ಆರ್‌ಸಿಯಿಂದ ಹೈಪೋಥಿಕೇಶನ್, ಅಂದ್ರೆ ಬ್ಯಾಂಕಿನ ಅಡಮಾನದ ನಮೂದು, ಅಳಿಸಿರಬೇಕು. ಚಲನ್ ಬಾಕಿ ಇರಬಾರದು. ಫಾರ್ಮಿನಲ್ಲಿ ಗಾಡಿ ಯಾವ ಆರ್‌ಟಿಓಗೆ ಹೋಗ್ತದೆ ಅಂತ ಬರೀಬೇಕು, ಎಡವೋದು ಇಲ್ಲೇ. ಕರ್ನಾಟಕ ಅಂದ್ರೆ ಬೆಂಗಳೂರು ಅಂತ ತಿಳಿದ ಏಜೆಂಟ್ ಅಲ್ಲಿಯ ಒಂದು ಕೋಡ್ ಬರೆದುಬಿಡ್ತಾನೆ. ಬಳ್ಳಾರಿಗೆ ಕೆಎ 34, ಹೊಸಪೇಟೆಗೆ 35, ರಾಯಚೂರಿಗೆ 36, ಕೊಪ್ಪಳಕ್ಕೆ 37. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲಂತೂ ನಿನ್ನ ಅಡ್ರೆಸ್ ಯಾವ ಆಫೀಸಿಗೆ ಸೇರ್ತದೆ ಅಂತ ಮೊದಲೇ ಕೇಳ್ಕೋಬೇಕು. ತಪ್ಪು ಕೋಡಿಗೆ ಬಂದ ಎನ್‌ಓಸಿ ಹಿಡ್ಕೊಂಡು ಮತ್ತೆ ಅಲ್ಲಿಗೇ.

ಅಲ್ಲಿಗೇ ಅಂದೆ, ಎಲ್ಲಿಗೆ? ಅದೂ ಒಂದು ತಮಾಷೆ. ಎಪಿ 02 ಅಂದ್ರೆ ಅನಂತಪುರ, ಎಪಿ 21 ಕರ್ನೂಲು. 2019ರಿಂದ ಆಂಧ್ರಕ್ಕೆಲ್ಲ ಎಪಿ 39 ಒಂದೇ ಸರಣಿ ಮಾಡಿದರು, ಬೋರ್ಡ್ ನೋಡಿ ಊರು ಹೇಳೋ ಹಾಗಿಲ್ಲ. ಎಪಿ 22 ಬೋರ್ಡಿನ ಹಳೇ ಗಾಡಿ ಕಂಡರೆ ಆಂಧ್ರದ್ದು ಅಂದ್ಕೋತೀಯ. ಅದು ಮೆಹಬೂಬ್‌ನಗರದ್ದು, 2014ರ ಜೂನ್ 2ರಿಂದ ತೆಲಂಗಾಣ. ಅದರ ಫೈಲು ಕರ್ನೂಲಿನಲ್ಲಿ ಹುಡುಕಿದರೆ ಯಾವ ಜನ್ಮಕ್ಕೂ ಸಿಗಲ್ಲ. ಆಮೇಲೆ ಟಿಎಸ್ ಬಂತು, 2024ರಿಂದ ಟಿಜಿ. ಮೇಲಾಗಿ ತೆಲಂಗಾಣ ಬಹಳ ವರ್ಷ ಗಾಡಿ ದಾಖಲೆಗಳ ಕೇಂದ್ರದ ಕಂಪ್ಯೂಟರ್ ಜಾಲವಾದ ವಾಹನ್‌ನ ಹೊರಗೇ ಇತ್ತು, ಅಲ್ಲಿಯ ಹಳೇ ದಾಖಲೆ ಇಲ್ಲಿಯ ಕಂಪ್ಯೂಟರಿನಲ್ಲಿ ಕಾಣದೆ, ಎನ್‌ಓಸಿ ಅಸಲಿಯೋ ಅಂತ ಪತ್ರ ಬರೆದು ಕಾಯೋ ಕೆಲಸ. "ಅಲ್ಲಿಂದ ಕನ್ಫರ್ಮ್ ಆಗಿಲ್ಲ" ಅಂತ ಇವರು, "ನಾವು ಕಳಿಸಿದ್ದೀವಿ" ಅಂತ ಅವರು. ಇಬ್ಬರೂ ನಿಜ ಹೇಳ್ತಿರ್ತಾರೆ ಅನ್ನೋದೇ ಸಂಕಟ.

ಎನ್‌ಓಸಿ ಬಂದ ಮೇಲೆ ಇಲ್ಲಿ ಫಾರ್ಮ್ 27 ಹೊಸ ನಂಬರಿಗೆ, 29 ಮತ್ತು 30 ಹೆಸರು ವರ್ಗಾವಣೆಗೆ. ಅಡ್ರೆಸ್ ದಾಖಲೆ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್. ಗಾಡಿ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು, ಚಾಸಿ ನಂಬರ್ ತಾಳೆ ನೋಡ್ತಾರೆ. ಧೂಳು, ತುಕ್ಕು ಹಿಡಿದು ನಂಬರ್ ಓದೋಕೆ ಬರದಿದ್ದರೆ ಅಲ್ಲೇ ನಿಲ್ತದೆ, ಆದ್ದರಿಂದ ಕೊಳ್ಳುವಾಗಲೇ ಒರೆಸಿ ಓದಿಟ್ಕೋ.

"ಹನ್ನೆರಡು ತಿಂಗಳು ಟೈಮ್ ಇದೆಯಲ್ಲ" ಅಂತ ನಿನ್ನಂಥವರು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47 ತೋರಿಸ್ತಾರೆ. ಅದು ತನ್ನದೇ ಗಾಡಿ ತಂದು ಬೇರೆ ರಾಜ್ಯದಲ್ಲಿ ಇಟ್ಕೊಂಡವನಿಗೆ. 2014ರಲ್ಲಿ ನಮ್ಮ ಸರ್ಕಾರ ಅದನ್ನೂ ಮೀರಿ 30 ದಿನಕ್ಕೇ ತೆರಿಗೆ ಅಂದಿತ್ತು, 2016ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಕೊಂಡವನ ಲೆಕ್ಕ ಬೇರೆ: ಸೆಕ್ಷನ್ 50ರ ಪ್ರಕಾರ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಈ ರಗಳೆ ಬೇಡ ಅಂತ ಗುಂತಕಲ್ಲಿನ ಭಾವಮೈದುನನ ಹೆಸರಲ್ಲೇ ಬಿಟ್ಟು ಓಡಿಸುವವರು ನಮ್ಮಲ್ಲಿ ಬೇಕಾದಷ್ಟು. ಅಪಘಾತವಾದರೆ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನದೇ ಅಂತ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೀಗತನ ಮುರಿಯೋಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಇಷ್ಟೆಲ್ಲ ಮಾಡಿ ಕೆಎ 34 ಹಾಕಿಸ್ಕೊಂಡು ನಿಮ್ಮೂರಿಗೆ ಬಂದರೆ "ಓ, ಬಳ್ಳಾರಿ, ಮೈನಿಂಗ್ ದುಡ್ಡಾ?" ಅಂತೀರಿ. ಆದೋನಿಗೆ ಹೋದರೆ ಕರ್ನಾಟಕ ಬಂಡಿ ಅಂತ ಅವರು ಪಕ್ಕಕ್ಕೆ ಹಾಕಿಸ್ತಾರೆ. ಎರಡೂ ಕಡೆ ಕಾಗದ ತೋರಿಸೋದು ನಮಗೇನು ಹೊಸದಲ್ಲ. ಕರ್ನಾಟಕದವರಾ ಅಂತ ಕೇಳಿದೆಯಲ್ಲ, ಈ ರಾಜ್ಯಕ್ಕೆ ಒಂದೇ ಗಾಡಿ ಮೇಲೆ ಎರಡನೇ ಸಲ ಜೀವಿತಾವಧಿ ತೆರಿಗೆ ಕಟ್ಟಿದವರನ್ನು ಕೇಳೋ ಪ್ರಶ್ನೆನಾ ಅದು?

ನಿನಗೆ ಹೇಳೋದಾದರೆ, ಬೆಲೆ ಸ್ವಲ್ಪ ಜಾಸ್ತಿಯಾದರೂ ಕೆಎ ಬೋರ್ಡಿನದೇ ಹುಡುಕು. ಎಂಡೆವರ್ 3.2 ಓಡಿಸೋಕೆ ಚೆಂದ, ಫೋರ್ಡ್ 2021ರಲ್ಲಿ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದರಿಂದ ಬೆಲೆ ಇಳಿದಿದೆ, ರಿಪೇರಿಗೆ ತಿಳಿದ ಮೇಸ್ತ್ರಿ ಹತ್ತಿರದಲ್ಲಿದ್ದರೆ ಮಾತ್ರ ತಗೋ. ಹಳದಿ ಬೋರ್ಡಿನಲ್ಲಿ ಗಣಿಗೆ ಬಾಡಿಗೆ ಓಡಿ ಆಮೇಲೆ ಬಿಳಿ ಆದದ್ದು ಬೇಡವೇ ಬೇಡ. ಹಟ ಹಿಡಿದು ಆಂಧ್ರದ್ದೇ ತಗೋತೀನಿ ಅಂದರೆ, ಟೋಕನ್ ಸಣ್ಣದು ಕೊಟ್ಟು ಕರಾರು ಬರೆಸು: ನಿನ್ನ ಆರ್‌ಟಿಓ ಹೆಸರಿಗೆ ಎನ್‌ಓಸಿ, ಬ್ಯಾಂಕಿನ ಪತ್ರ, ಮೊದಲ ಇನ್‌ವಾಯ್ಸ್, ಎರಡೂ ಕೀಲಿ. ತೆರಿಗೆ ವಾಪಸಿಗೆ ಅವನ ಸಹಿ ಬೇಕಾದ ಅರ್ಜಿಗೂ ಅಂದೇ ಸಹಿ ಹಾಕಿಸ್ಕೋ. ದೊಡ್ಡ ಮೊತ್ತ ಎನ್‌ಓಸಿ ಕೈಗೆ ಬಂದ ಮೇಲೆ, ಬ್ಯಾಂಕಿನ ಮೂಲಕವೇ. ಅಲ್ಲಿಯವರೆಗೆ ಗಾಡಿ ಅವನ ಮನೆ ಮುಂದೇ ನಿಂತಿರಲಿ.