ಟೆನಿಸ್ ಅಂಗಳದಿಂದ ಕ್ರೀಡಾ ನಿರ್ದೇಶಕರ ಹುದ್ದೆಗೆ

ಪ್ರಶ್ನೆ: ನನ್ನ ಮಗಳು ಅಂತರ ವಿಶ್ವವಿದ್ಯಾಲಯ ಟೆನಿಸ್ ಆಡಿದವಳು. ಈಗ ಅಮೆರಿಕದಲ್ಲಿ ಕ್ರೀಡಾ ನಿರ್ವಹಣೆ ಕುರಿತ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದ್ದಾಳೆ. ಅಲ್ಲಿ ಮಹಿಳಾ ಟೆನಿಸ್ ತಂಡದ ಕೋಚ್ ಆಗಿದ್ದವರು ಇಡೀ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಮುಖ್ಯಸ್ಥರಾದದ್ದೂ ಉಂಟೆಂದು ಹೇಳುತ್ತಾಳೆ. ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರೇ ಎಲ್ಲ ಆಟಗಳನ್ನೂ ನೋಡಿಕೊಳ್ಳುವುದರಿಂದ ಅಲ್ಲಿನ ವ್ಯವಸ್ಥೆ ನನಗೆ ಅರ್ಥವಾಗಿಲ್ಲ. ಉದಾಹರಣೆಯೊಂದಿಗೆ ತಿಳಿಸುವಿರಾ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಇದಕ್ಕೆ ಜೂಡಿ ರೋಸ್ ಅವರ ವೃತ್ತಿಜೀವನಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ದಕ್ಷಿಣ ಕೆರೊಲಿನಾದ ವಿನ್‌ಥ್ರಾಪ್‌ನಲ್ಲಿ ಪದವಿಯನ್ನೂ ಟೆನ್ನೆಸ್ಸೀ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದ ಅವರು, 1975ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಶಾರ್ಲೆಟ್ ಕ್ಯಾಂಪಸ್ಸಿಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಮತ್ತು ಮಹಿಳಾ ಟೆನಿಸ್ ತಂಡಗಳೆರಡಕ್ಕೂ ಕೋಚ್ ಆಗಿ ಸೇರಿದರು. ಒಬ್ಬರಿಗೇ ಎರಡು ಆಟಗಳ ಹೊಣೆ ಹೊರಿಸುವುದು ಆಗ ಸಾಮಾನ್ಯವಾಗಿತ್ತು. ಕೇಂದ್ರ ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ 'ಟೈಟಲ್ ನೈನ್' ಕಾಯ್ದೆ ಬಂದು ಮೂರೇ ವರ್ಷವಾಗಿದ್ದು, ಕಾಲೇಜುಗಳು ಮಹಿಳಾ ತಂಡಗಳನ್ನು ಕಟ್ಟತೊಡಗಿದ್ದವು. ಆದರೆ ಅವಕ್ಕೆ ಹಣ ಒದಗಿಸುವ ಮನಸ್ಸು ಇನ್ನೂ ಬಂದಿರಲಿಲ್ಲ. ಮುಂದೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರಾದ ಪ್ಯಾಟ್ ಸಮಿಟ್ 1974ರಲ್ಲಿ ಟೆನ್ನೆಸ್ಸೀಯಲ್ಲಿ ಕೋಚ್ ಆದಾಗ ಅವರ ಸಂಬಳ ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುವುದೂ ಆಟಗಾರ್ತಿಯರ ಸಮವಸ್ತ್ರ ಒಗೆಯುವುದೂ ಅವರ ಪಾಲಿನ ಕೆಲಸಗಳಾಗಿದ್ದವು.

ಆ ಕಾಲದ ಕೋಚ್‌ಗಳು ಆಡಳಿತಗಾರರಾದದ್ದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಪಂದ್ಯಗಳ ವೇಳಾಪಟ್ಟಿ, ಪ್ರಯಾಣದ ಖರ್ಚು, ಅಂಗಳ ಯಾವ ಹೊತ್ತಿಗೆ ಯಾರಿಗೆ ಎಂಬ ಜಗಳ, ಹೊಸ ಆಟಗಾರ್ತಿಯರ ಹುಡುಕಾಟ, ಇದ್ದವರ ಅಂಕಪಟ್ಟಿಯ ಮೇಲಿನ ನಿಗಾ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳಬೇಕಾದಾಗ, ಆಟ ಕಲಿಸುವುದು ದಿನದ ಕೆಲಸದಲ್ಲಿ ಒಂದು ಭಾಗ ಮಾತ್ರ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೋಸ್ ಅವರು 1980ರ ದಶಕದಲ್ಲಿ ಕೋಚ್ ಕೆಲಸ ಬಿಟ್ಟು ಪೂರ್ಣಾವಧಿ ಆಡಳಿತಕ್ಕೆ ಬಂದರು. 1990ರಲ್ಲಿ ಅದೇ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕಿಯಾದರು. ಪುರುಷರ ತಂಡಗಳೂ ಸೇರಿ ಎಲ್ಲ ಆಟಗಳ ಕೋಚ್‌ಗಳನ್ನು ನೇಮಿಸುವ, ಬೇಕಾದರೆ ತೆಗೆದುಹಾಕುವ ಅಧಿಕಾರ ಇರುವ ಹುದ್ದೆ ಅದು. ಕಾಲೇಜು ಕ್ರೀಡೆಯ ಅತ್ಯುನ್ನತ ವಿಭಾಗವಾದ 'ಡಿವಿಷನ್ ಒನ್'ನಲ್ಲಿ ಆ ಹುದ್ದೆಗೇರಿದ್ದ ಮಹಿಳೆಯರು ಆಗ ಬೆರಳೆಣಿಕೆಯಷ್ಟು. 1999ರಲ್ಲಿ ಅವರು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯ ಪುರುಷರ ಬ್ಯಾಸ್ಕೆಟ್‌ಬಾಲ್ ಸಮಿತಿಗೆ ನೇಮಕಗೊಂಡ ಮೊದಲ ಮಹಿಳೆಯಾದರು. ಪ್ರತಿ ಮಾರ್ಚ್‌ನಲ್ಲಿ ನಡೆಯುವ ಪಂದ್ಯಾವಳಿಗೆ ತಂಡಗಳನ್ನು ಆರಿಸುವ ಸಮಿತಿ ಇದು. ಸಂಸ್ಥೆಯ ಆದಾಯದ ಬಹುಪಾಲು ಹುಟ್ಟುವುದೇ ಆ ಪಂದ್ಯಾವಳಿಯಿಂದ. ಹಾಗಾಗಿ ಆ ನೇಮಕವನ್ನು ಬರಿಯ ಗೌರವವೆಂದು ನೋಡಲಾಗದು. 2013ರಲ್ಲಿ ಅವರ ಆಡಳಿತದಲ್ಲೇ ಶಾರ್ಲೆಟ್ ವಿಶ್ವವಿದ್ಯಾಲಯ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಕಣಕ್ಕಿಳಿಸಿತು. ಇಪ್ಪತ್ತೆಂಟು ವರ್ಷ ಆ ಹುದ್ದೆಯಲ್ಲಿದ್ದು 2018ರಲ್ಲಿ ನಿವೃತ್ತರಾದರು.

ಆದರೆ ಈ ದಾರಿ ಇಂದಿಗೂ ಅಷ್ಟೇ ಸಲೀಸಾಗಿದೆ ಎಂದು ನಿಮ್ಮ ಮಗಳಿಗೆ ಹೇಳಲಾರೆ. 1972ರಲ್ಲಿ ಮಹಿಳಾ ತಂಡಗಳ ಶೇ 90ಕ್ಕೂ ಹೆಚ್ಚು ಕೋಚ್‌ಗಳು ಮಹಿಳೆಯರೇ ಆಗಿದ್ದರು. ನಂತರದ ದಶಕಗಳಲ್ಲಿ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಸಂಬಳವೂ ಪ್ರತಿಷ್ಠೆಯೂ ಹೆಚ್ಚಿದಂತೆ ಆ ಹುದ್ದೆಗಳಿಗೆ ಪುರುಷರೂ ಅರ್ಜಿ ಹಾಕತೊಡಗಿದರು. ಅದುವರೆಗೆ ಪ್ರತ್ಯೇಕವಾಗಿದ್ದ ಮಹಿಳಾ ಕ್ರೀಡಾ ವಿಭಾಗಗಳನ್ನು ಪುರುಷರ ವಿಭಾಗಗಳೊಂದಿಗೆ ಸೇರಿಸಿದಾಗ, ಮುಖ್ಯಸ್ಥನ ಕುರ್ಚಿ ಸಾಮಾನ್ಯವಾಗಿ ಪುರುಷನಿಗೂ ಉಪಮುಖ್ಯಸ್ಥೆಯ ಕುರ್ಚಿ ಮಹಿಳೆಗೂ ಹೋಯಿತು. ಸಮಾನತೆ ತರಲೆಂದು ಬಂದ ಕಾಯ್ದೆಯ ಬೆನ್ನಿಗೇ ಮಹಿಳೆಯರ ಕೈಯಲ್ಲಿದ್ದ ಅಧಿಕಾರ ಜಾರಿದ್ದು ಈ ಇತಿಹಾಸದ ಕಹಿ ಭಾಗ.

ಈಗಂತೂ ಕೋಚ್‌ಗಳ ದಾರಿ ಬೇರೆ, ಆಡಳಿತಗಾರರ ದಾರಿ ಬೇರೆ ಎಂಬಷ್ಟು ಕೆಲಸಗಳು ಕವಲೊಡೆದಿವೆ. ದೇಣಿಗೆ ಸಂಗ್ರಹ, ನಿಯಮಪಾಲನೆ, ಆಟಗಾರ ವಿದ್ಯಾರ್ಥಿಗಳ ವ್ಯಾಸಂಗದ ಮೇಲ್ವಿಚಾರಣೆ ಇವುಗಳಲ್ಲಿ ಪಳಗಿದವರೇ ಹೆಚ್ಚಾಗಿ ನಿರ್ದೇಶಕರಾಗುತ್ತಾರೆ. ನಿಮ್ಮ ಮಗಳು ಓದಿನ ಜೊತೆಗೆ ವಿಶ್ವವಿದ್ಯಾಲಯದಲ್ಲೇ ದುಡಿಯುವ 'ಗ್ರಾಜುಯೇಟ್ ಅಸಿಸ್ಟೆಂಟ್' ಅವಕಾಶವನ್ನು ಹುಡುಕಲಿ. ಅದು ಟೆನಿಸ್ ತಂಡದಲ್ಲೇ ಸಿಕ್ಕರೆ ಸಂತೋಷ; ನಿಯಮಪಾಲನಾ ಕಚೇರಿಯಲ್ಲಿ ಸಿಕ್ಕರೆ, ನನ್ನ ಲೆಕ್ಕದಲ್ಲಿ, ಇನ್ನೂ ಒಳ್ಳೆಯದು.

ಪ್ರಶ್ನೆ: ಅಮೆರಿಕದ ಕಾಲೇಜು ಟೆನಿಸ್‌ನಲ್ಲಿ ಹುಡುಗರಿಗಿಂತ ಹುಡುಗಿಯರಿಗೇ ಹೆಚ್ಚು ವಿದ್ಯಾರ್ಥಿವೇತನ ಎಂದು ಕೇಳಿದ್ದೇನೆ. ಹೌದೇ?
– ಓದುಗರೊಬ್ಬರು, ಹಾಸನ

ಉತ್ತರ: ಬಹುಕಾಲ ಹಾಗೆಯೇ ಇತ್ತು. ಡಿವಿಷನ್ ಒನ್‌ನಲ್ಲಿ ಮಹಿಳಾ ಟೆನಿಸ್ ತಂಡವೊಂದು ಎಂಟು ಪೂರ್ಣ ವಿದ್ಯಾರ್ಥಿವೇತನ ನೀಡಬಹುದಾಗಿದ್ದರೆ, ಪುರುಷರ ತಂಡಕ್ಕೆ ಇದ್ದದ್ದು ನಾಲ್ಕೂವರೆ ಮಾತ್ರ. ಅದನ್ನೇ ಹುಡುಗರಿಗೆ ಹಂಚಬೇಕಿತ್ತು. ಇದರ ಮೂಲ ಫುಟ್‌ಬಾಲ್‌ನಲ್ಲಿದೆ. ದೊಡ್ಡ ಫುಟ್‌ಬಾಲ್ ತಂಡಕ್ಕೆ 85 ವಿದ್ಯಾರ್ಥಿವೇತನಗಳಿದ್ದವು, ಅಷ್ಟೇ ದೊಡ್ಡ ಮಹಿಳಾ ತಂಡ ಯಾವುದೂ ಇರಲಿಲ್ಲ. ಹಾಗಾಗಿ ಒಟ್ಟು ಲೆಕ್ಕ ಸರಿತೂಗಿಸಲು ಟೆನಿಸ್‌ನಂಥ ಆಟಗಳಲ್ಲಿ ಮಹಿಳೆಯರಿಗೆ ಹೆಚ್ಚು ಕೊಡಲಾಗುತ್ತಿತ್ತು. ನ್ಯಾಯಾಲಯದ ಒಪ್ಪಂದವೊಂದರ ಫಲವಾಗಿ 2025ರಿಂದ, ಅದಕ್ಕೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂದಿದೆ: ಟೆನಿಸ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ತಲಾ ಹತ್ತು ಮಂದಿ. ಆ ಹತ್ತರಲ್ಲಿ ಎಷ್ಟು ಮಂದಿಗೆ ವಿದ್ಯಾರ್ಥಿವೇತನ ನೀಡಬೇಕೆಂಬುದು ಈಗ ಆಯಾ ಕ್ರೀಡಾ ವಿಭಾಗದ ಖಜಾನೆಗೆ ಬಿಟ್ಟ ವಿಷಯ.